ಲಾರಿ ನಿಲ್ಲುವ ಜಾಗ

ಸಕಲೇಶಪುರದ ಬಿ.ಎಂ. (ಬೆಂಗಳೂರು–ಮಂಗಳೂರು) ರಸ್ತೆಯಲ್ಲಿ ಅಂಗಡಿ, ಹೋಟೆಲು, ಗ್ಯಾರೇಜು ನಡೆಸುವವರ ಲೆಕ್ಕಪತ್ರ ನೋಡಿಕೊಳ್ಳುವುದು ನನ್ನ ಕಸುಬು. ಮೊದಲು ಅಪ್ಪ ಮಾಡುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ನಾನು ಮುಂದುವರಿಸಿದೆ. ದೊಡ್ಡ ತೋಟದವರಿಗೆ ಹಾಸನದಲ್ಲೋ ಬೆಂಗಳೂರಿನಲ್ಲೋ ಲೆಕ್ಕಪರಿಶೋಧಕರಿದ್ದಾರೆ. ನನ್ನ ಬಳಿ ಬರುವವರು ಪಂಕ್ಚರ್ ಅಂಗಡಿಯವರು, ಬೇಕರಿಯವರು, ರಾತ್ರಿಯಿಡೀ ಒಲೆ ಆರಿಸದ ಊಟದ ಹೋಟೆಲಿನವರು, ಟೈರು ಮತ್ತು ಬ್ಯಾಟರಿ ಮಾರುವವರು. ಊರು ಹೇಗಿದೆ ಎಂದು ಯಾರಾದರೂ ಕೇಳಿದರೆ ನನ್ನ ಮನಸ್ಸು ನೇರವಾಗಿ ಹೋಗುವುದು ಜುಲೈನಿಂದ ಸೆಪ್ಟೆಂಬರ್‌ವರೆಗಿನ ತ್ರೈಮಾಸಿಕ ಲೆಕ್ಕದ ಕಡೆಗೆ. ಮಳೆಗಾಲದ ಆ ಮೂರು ತಿಂಗಳು ಊರಿನ ಆರೋಗ್ಯವನ್ನು ಇದ್ದದ್ದು ಇದ್ದ ಹಾಗೆ ಹೇಳಿಬಿಡುತ್ತವೆ.

ಸಣ್ಣ ಹೋಟೆಲಿನವರಲ್ಲಿ ಹೆಚ್ಚಿನವರು ಜಿಎಸ್‌ಟಿಯ ಕಾಂಪೋಸಿಷನ್ ಯೋಜನೆಯಲ್ಲಿದ್ದಾರೆ. ಲಾಭವಾಗಲಿ, ನಷ್ಟವಾಗಲಿ, ಒಟ್ಟು ವಹಿವಾಟಿನ ಮೇಲೆ ಶೇ 5 ಕಟ್ಟಲೇಬೇಕು. ಹೀಗಾಗಿ ವಹಿವಾಟಿನ ಅಂಕಿ ಮುಚ್ಚುಮರೆಯಿಲ್ಲದೆ ನನ್ನೆದುರು ಬರುತ್ತದೆ. ಇಲ್ಲಿಂದ ಮಂಗಳೂರಿನತ್ತ ಇಳಿಯುವ ಶಿರಾಡಿ ಘಾಟಿಯಲ್ಲಿ ಗುಡ್ಡ ಕುಸಿದ ವಾರ ಯಾವುದು ಎಂಬುದು ಪುಸ್ತಕದ ಪುಟ ತಿರುವಿದರೆ ಗೊತ್ತಾಗುತ್ತದೆ. ಮೊದಲು ನಿಲ್ಲುವುದು ರಾತ್ರಿ ಹನ್ನೊಂದರ ನಂತರದ ಊಟದ ಬಿಲ್ಲುಗಳು. ಆಮೇಲೆ ಬೆಳಗಿನ ಜಾವದ ಚಹಾ. ವಾರ ಕಳೆಯುವಷ್ಟರಲ್ಲಿ ಹಾಲಿನ ಖರೀದಿ ಇಳಿದಿರುತ್ತದೆ, ಮೊಟ್ಟೆಯ ಟ್ರೇಗಳು ಕಡಿಮೆಯಾಗಿರುತ್ತವೆ. ಕೊನೆಗೆ ಸಂಬಳದ ಪುಟದಲ್ಲಿ ಸಪ್ಲೈಯರ್ ಹುಡುಗನ ಹೆಸರಿನ ಮುಂದೆ ‘ಊರಿಗೆ ಹೋಗಿದ್ದಾನೆ’ ಎಂಬ ಟಿಪ್ಪಣಿ ಬರುತ್ತದೆ. ಊರಿಗೆ ಹೋದ ಹುಡುಗರಲ್ಲಿ ಎಲ್ಲರೂ ಹಿಂದಿರುಗುವುದಿಲ್ಲ.

ಈ ಊರು ಬೆಳೆದದ್ದೇ ರಸ್ತೆಯಿಂದ. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ಹಾದಿಯಲ್ಲಿ, ಬಯಲು ಮುಗಿದು ಘಟ್ಟ ಇಳಿಯುವ ಮುನ್ನ ಸಿಗುವ ಕೊನೆಯ ಪಟ್ಟಣ ಸಕಲೇಶಪುರ. ಹೆದ್ದಾರಿಗೆ 48 ಎಂಬ ಸಂಖ್ಯೆ ಇದ್ದಾಗಲೂ ಅಷ್ಟೇ, ಈಗ 75 ಆದ ಮೇಲೂ ಅಷ್ಟೇ. ಚಾಲಕರು ಇಲ್ಲಿ ನಿಲ್ಲಿಸಿ ಬ್ರೇಕು ನೋಡಿಸುತ್ತಿದ್ದರು, ಗಾಳಿ ತುಂಬಿಸುತ್ತಿದ್ದರು, ಹೊಟ್ಟೆ ತುಂಬ ಉಂಡು ಘಾಟಿ ಇಳಿಯುತ್ತಿದ್ದರು. ಕೆಳಗಿನಿಂದ ಹತ್ತಿ ಬಂದವರು ಎಂಜಿನ್ ತಣ್ಣಗಾಗಲೆಂದು ನಿಲ್ಲುತ್ತಿದ್ದರು. ಧರ್ಮಸ್ಥಳ, ಕುಕ್ಕೆಗೆ ಹೊರಟ ಯಾತ್ರಿಗಳ ಬಸ್ಸುಗಳು ಇಲ್ಲಿ ಚಹಾಕ್ಕೆ ನಿಲ್ಲುವುದು ವಾಡಿಕೆಯಾಗಿತ್ತು. ಮೇಲೆ ಗುಡ್ಡದ ತುದಿಯಲ್ಲಿ ಟಿಪ್ಪು ಕಾಲದ ಮಂಜರಾಬಾದ್ ಕೋಟೆ ಇದೆ. 1792ರಲ್ಲಿ ನಕ್ಷತ್ರದ ಆಕಾರದಲ್ಲಿ ಅದನ್ನು ಕಟ್ಟಿಸಿದ್ದು ಕೂಡ ಕರಾವಳಿಯಿಂದ ಬರುವ ಈ ಹಾದಿಯ ಮೇಲೆ ಕಣ್ಣಿಡುವುದಕ್ಕಾಗಿಯೇ.

ಹಾಗಾಗಿ ರಸ್ತೆ ನಿಂತರೆ ಊರಿನ ಉಸಿರು ಕಟ್ಟುತ್ತದೆ. 2018ನೇ ಇಸವಿಯನ್ನು ಇಲ್ಲಿನ ವ್ಯಾಪಾರಿಗಳು ಯಾರೂ ಮರೆತಿಲ್ಲ. ಆ ವರ್ಷ ಜನವರಿಯಲ್ಲಿ ಕೆಂಪುಹೊಳೆಯಿಂದ ಅಡ್ಡಹೊಳೆವರೆಗಿನ ಕಾಂಕ್ರೀಟು ಕಾಮಗಾರಿಗಾಗಿ ಘಾಟಿಯನ್ನು ಮುಚ್ಚಿದರು. 2015ರಲ್ಲಿ ಮೊದಲ ಹಂತದ ಕಾಮಗಾರಿಗಾಗಿ ಮುಚ್ಚಿದಾಗಿನ ಪೆಟ್ಟನ್ನು ತಿಂದವರು, ಇನ್ನೊಂದು ಸಲ ತಡೆದುಕೊಂಡರೆ ಮುಂದೆ ಸುಖವಿದೆ ಎಂದು ಹಲ್ಲು ಕಚ್ಚಿ ಕಾದರು. ಜುಲೈ ಮಧ್ಯದಲ್ಲಿ ರಸ್ತೆ ತೆರೆಯಿತು. ಸಾಲ ಮಾಡಿ ಸರಕು ತುಂಬಿಸಿದವರಿದ್ದಾರೆ, ಅಡುಗೆ ಭಟ್ಟರನ್ನು ಮುಂಗಡ ಕೊಟ್ಟು ಕರೆತಂದವರಿದ್ದಾರೆ. ಆಗಸ್ಟ್ ತಿಂಗಳ ಮಹಾಮಳೆಗೆ ಘಾಟಿ ಹಲವು ಕಡೆ ಕುಸಿದು ಮತ್ತೆ ಮುಚ್ಚಿತು. ಕೊಡಗಿನಲ್ಲಿ ಊರುಗಳೇ ಕೊಚ್ಚಿಹೋಗಿದ್ದ ಆ ದಿನಗಳಲ್ಲಿ ನಮ್ಮ ವ್ಯಾಪಾರದ ಕಷ್ಟವನ್ನು ದೊಡ್ಡದು ಮಾಡಿ ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಆದರೆ ಆ ವರ್ಷ ಶೆಟರ್ ಎಳೆದ ಕೆಲವು ಅಂಗಡಿಗಳು ಮತ್ತೆ ತೆರೆಯಲೇ ಇಲ್ಲ.

ಆಮೇಲೆ ಇದು ಮಳೆಗಾಲದ ಪಾಠವೇ ಆಗಿಹೋಯಿತು. ಒಮ್ಮೆ ದೋಣಿಗಲ್‌ನಲ್ಲಿ ರಸ್ತೆ ಜಾರಿತು. 2024ರ ಜುಲೈ ಕೊನೆಯಲ್ಲಿ ದೊಡ್ಡತಪ್ಪಲೆ ಬಳಿ ಗುಡ್ಡವೇ ಹೆದ್ದಾರಿಗೆ ಇಳಿದು ಬಂದು ವಾಹನಗಳು ಮಣ್ಣಿನಲ್ಲಿ ಸಿಲುಕಿದವು. ಅದೇ ವಾರ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ರೈಲು ಹಳಿಯ ಕೆಳಗಿನ ಮಣ್ಣೂ ಕುಸಿದಿತ್ತು. ಮಂಗಳೂರಿಗೆ ರಸ್ತೆಯೂ ಇಲ್ಲ, ರೈಲೂ ಇಲ್ಲ ಎಂಬಂತಾಯಿತು. ಚಾರ್ಮಾಡಿಯಲ್ಲಿ ಸುತ್ತಿ ಹೋಗಬಹುದು ಎಂದು ದೂರದವರು ಹೇಳುತ್ತಾರೆ. ಆ ಘಾಟಿಯ ತಿರುವುಗಳು ಭಾರಿ ವಾಹನಗಳಿಗೆ ಹೇಳಿ ಮಾಡಿಸಿದವಲ್ಲ, ಮಳೆ ಬಂದರೆ ಅಲ್ಲಿಯೂ ಕುಸಿಯುತ್ತದೆ.

ದೊಡ್ಡತಪ್ಪಲೆಯನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಮಣ್ಣು ತೆಗೆದ ಮೇಲೆ ಉಳಿದ ಗುಡ್ಡದ ಬದಿ ಮೇಲಿನಿಂದ ಕೆಳಗಿನವರೆಗೆ ಒಂದೇ ಗೆರೆಯಲ್ಲಿ ನಿಂತಿತ್ತು. ಒಂದು ಮೆಟ್ಟಿಲಿಲ್ಲ, ಇಳಿಜಾರಿಲ್ಲ. ಕೆಂಪು ಮಣ್ಣಿನ ನಡುವಿನಿಂದ ನೀರು ಒಸರುತ್ತಿತ್ತು, ಬೇರು ಹೊರಗೆ ಬಿದ್ದ ಮರವೊಂದು ತುದಿಯಲ್ಲಿ ಓಲಿಕೊಂಡಿತ್ತು. ಮಲೆನಾಡಿನಲ್ಲಿ ಮನೆಯ ಹಿಂದೆ ಒಂದು ಆಳು ಎತ್ತರದ ದರೆ ಕಡಿಯುವಾಗಲೂ ಹಿರಿಯರು ನೀರು ಹೋಗುವ ದಾರಿ ಯಾವುದೆಂದು ಕೇಳುತ್ತಾರೆ. ಹೆದ್ದಾರಿಯನ್ನು ಅಗಲ ಮಾಡಿದವರು ಅದನ್ನು ಕೇಳಿಕೊಂಡಂತೆ ಕಾಣಲಿಲ್ಲ. ಕುಸಿದ ಮೇಲೆ ಬಂದು ನೋಡಿದವರೆಲ್ಲ ಗುಡ್ಡವನ್ನು ಲಂಬವಾಗಿ ಕತ್ತರಿಸಿದ್ದು ತಪ್ಪು ಎಂದರು. ನನ್ನ ಸಿಟ್ಟು ಅಲ್ಲಿಯೇ ಇದೆ. ರಸ್ತೆ ಬೇಕೆಂದು ವರ್ಷಗಟ್ಟಲೆ ಅಂಗಲಾಚಿದವರು ನಾವು. ಭೂಮಿ ಕೊಟ್ಟೆವು, ಧೂಳು ಕುಡಿದೆವು. ಕಾಮಗಾರಿ 2017ರಲ್ಲಿ ಶುರುವಾಗಿ ಗಡುವಿನ ಮೇಲೆ ಗಡುವು ದಾಟಿದರೂ ಸಹಿಸಿಕೊಂಡೆವು. ಅಷ್ಟಾದ ಮೇಲೆ ಸಿಗುವ ರಸ್ತೆ ಮಳೆಗಾಲದಲ್ಲಿ ಕುಸಿಯದೆ ನಿಲ್ಲುವಂತಿರಬೇಕು ಎಂದು ಕೇಳುವುದು ದುರಾಸೆಯೇ?

ಘಾಟಿ ಮುಚ್ಚಿದ ದಿನಗಳಲ್ಲಿ ಮೀನು ಬರುವುದಿಲ್ಲ. ಬೆಳಗ್ಗೆ ಮಂಗಳೂರಿನಿಂದ ಹತ್ತಿ ಬರುವ ಬಂಗುಡೆ, ಬೂತಾಯಿಯ ಪೆಟ್ಟಿಗೆಗಳನ್ನು ನಂಬಿಕೊಂಡ ಹೆಂಗಸರು ಮಾರುಕಟ್ಟೆಯ ಕಟ್ಟೆಯ ಮೇಲೆ ಖಾಲಿ ಬುಟ್ಟಿ ಕವುಚಿಟ್ಟು ಕೂರುತ್ತಾರೆ. ಅವರ ಲೆಕ್ಕ ಯಾವ ತ್ರೈಮಾಸಿಕದಲ್ಲೂ ಬರುವುದಿಲ್ಲ. ಹೃದಯದ, ಮೆದುಳಿನ ಕಾಯಿಲೆಗೆ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿದ ಮನೆಗಳೂ ಈ ತಾಲ್ಲೂಕಿನಲ್ಲಿ ಬಹಳ ಇವೆ. ಮಳೆ ಜೋರಾದ ರಾತ್ರಿ ಆ ಮನೆಗಳಲ್ಲಿ ಮೊದಲು ವಿಚಾರಿಸುವುದು ಘಾಟಿ ತೆರೆದಿದೆಯೇ ಎಂದು.

ಆದರೆ ಊರು ಬಡವಾಗುತ್ತಿರುವುದಕ್ಕೆ ರಸ್ತೆಯೊಂದೇ ಕಾರಣ ಎಂದರೆ ಸುಳ್ಳಾಗುತ್ತದೆ. ನಮ್ಮ ಜಿಲ್ಲೆಯ ಉದ್ದಕ್ಕೂ ಹಳೆಯ ಆಸರೆಗಳು ಒಂದೊಂದಾಗಿ ಸಡಿಲವಾಗಿವೆ. ಹಾಸನದ ಆಲೂಗಡ್ಡೆಯನ್ನೇ ನೋಡಿ. ಮೇ ತಿಂಗಳು ಬಂತೆಂದರೆ ಜಲಂಧರದ ಬಿತ್ತನೆ ಗಡ್ಡೆಯ ಚೀಲಗಳಿಗಾಗಿ ಎಪಿಎಂಸಿ ಪ್ರಾಂಗಣದಲ್ಲಿ ರೈತರು ಸಾಲುಗಟ್ಟುತ್ತಿದ್ದರು. ಕುಫ್ರಿ ಜ್ಯೋತಿ ತಳಿಯ ಹೆಸರು ಶಾಲೆಗೆ ಹೋಗುವ ಮಕ್ಕಳ ಬಾಯಲ್ಲೂ ಇತ್ತು. ಮುಂಗಾರಿನ ತೇವಕ್ಕೆ ಬರುವ ಅಂಗಮಾರಿ ರೋಗ ವರ್ಷವರ್ಷವೂ ಹೊಲಗಳನ್ನು ಕಪ್ಪು ಮಾಡಿತು. ಔಷಧ ಹೊಡೆದು ಹೊಡೆದು ಕೈ ಸುಟ್ಟುಕೊಂಡವರು ಮುಸುಕಿನ ಜೋಳಕ್ಕೆ, ಶುಂಠಿಗೆ ತಿರುಗಿದರು. ಆಲೂಗಡ್ಡೆ ಹೋದಾಗ ಹೋದದ್ದು ಬೆಳೆ ಮಾತ್ರವಲ್ಲ. ಚೀಲ ಹೊಲಿಯುವವರು, ಹಮಾಲರು, ಕಮಿಷನ್ ಮಂಡಿಯ ಗುಮಾಸ್ತರು, ಬಾಡಿಗೆಗೆ ಕಾದು ನಿಂತ ಲಾರಿಗಳು, ಆ ಲಾರಿಯವರಿಗೆ ಊಟ ಬಡಿಸುವವರು, ಇಡೀ ಸರಪಳಿಯೇ ತೆಳುವಾಯಿತು.

ನಮ್ಮ ಕಡೆ ಏಲಕ್ಕಿಯ ಕಥೆಯೂ ಹೀಗೆಯೇ. ಕಟ್ಟೆ ರೋಗಕ್ಕೆ ಸಿಕ್ಕಿದ ಏಲಕ್ಕಿ ತೋಟಗಳು ಕಾಫಿಯಾದವು, ಕೆಲವು ಪಾಳು ಬಿದ್ದವು. ಕಾಫಿ ಮಾತ್ರ ಬಿದ್ದು ಎದ್ದು ಬಂದಿದೆ. 1989ರಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ಪದ್ಧತಿ ಮುರಿದುಬಿದ್ದ ಮೇಲೆ ದರ ನೆಲ ಕಚ್ಚಿತ್ತು. ಈ ಶತಮಾನದ ಆರಂಭದಲ್ಲಿ ಇನ್ನೊಮ್ಮೆ ಕುಸಿದು ಸಣ್ಣ ಬೆಳೆಗಾರರ ಬೆನ್ನು ಮುರಿಯಿತು. ಕಾಂಡಕೊರಕದ ಹಾವಳಿ, ಆನೆಯ ಹಾವಳಿ, ಕಾಲ ತಪ್ಪಿ ಸುರಿಯುವ ಮಳೆ, ಇವೆಲ್ಲ ಇದ್ದದ್ದೇ. ಈಚಿನ ಎರಡು ಮೂರು ವರ್ಷಗಳಲ್ಲಿ ದರ ಹಿಂದೆಂದೂ ಕಾಣದಷ್ಟು ಏರಿದೆ. ಬೆಳೆಗಾರರು ಹಳೆಯ ಸಾಲ ತೀರಿಸಿದ್ದಾರೆ, ಅದು ನನಗೆ ನಿಜವಾದ ಸಂತೋಷ. ಆದರೆ ಆ ದುಡ್ಡು ಬಿ.ಎಂ. ರಸ್ತೆಗೆ ಇಳಿದದ್ದು ಕಡಿಮೆ. ದೊಡ್ಡ ತೋಟದ ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಕೊಳ್ಳುವುದು ಅಲ್ಲಿಯೇ. ತೋಟದ ಕೂಲಿಯವರ ಲೈನ್ ಮನೆಗಳಲ್ಲಿ ಈಗ ಇರುವವರಲ್ಲಿ ಅಸ್ಸಾಮಿನಿಂದ ಬಂದ ಕಾರ್ಮಿಕರು ಬಹಳ. ಸಂತೆಗೆ ಬರುತ್ತಾರೆ, ಅಕ್ಕಿ, ಒಣಮೀನು, ಮೊಬೈಲ್ ಕರೆನ್ಸಿ ಕೊಳ್ಳುತ್ತಾರೆ, ಉಳಿದ ಕೂಲಿಯನ್ನು ಮನೆಗೆ ಕಳಿಸುತ್ತಾರೆ. ಅದು ಅವರ ಹಕ್ಕು. ಹಿಂದೆ ತಲೆಮಾರುಗಳಿಂದ ಇಲ್ಲಿಯೇ ಇದ್ದ ಕೂಲಿಯವರು ಹಬ್ಬಕ್ಕೆ ಬಟ್ಟೆ, ಮದುವೆಗೆ ಪಾತ್ರೆ, ಮಳೆಗಾಲಕ್ಕೆ ಕಂಬಳಿ ಕೊಳ್ಳುತ್ತಿದ್ದ ಅಂಗಡಿಗಳು ಮಾತ್ರ ಬರಿದಾಗಿವೆ.

ಜನ ಹೋಗಿದ್ದಾರೆ ಎಂಬುದಕ್ಕೆ ನನ್ನ ಮಾತೇ ಬೇಕಾಗಿಲ್ಲ. 2001ರ ಜನಗಣತಿಯಲ್ಲಿ ಚಿಕ್ಕಮಗಳೂರು ಜಿಲ್ಲೆಯ ಜನಸಂಖ್ಯೆ 11,40,905. ಹತ್ತು ವರ್ಷ ಕಳೆದ ಮೇಲೆ 11,37,961. ಇಡೀ ರಾಜ್ಯ ಶೇ 15ಕ್ಕೂ ಹೆಚ್ಚು ಬೆಳೆದ ಅವಧಿಯಲ್ಲಿ ಪಕ್ಕದ ಜಿಲ್ಲೆ ಕುಗ್ಗಿತು. ಹಾಸನ ಜಿಲ್ಲೆ ಬೆಳೆದದ್ದು ಶೇ 3ರ ಆಸುಪಾಸು, ಅಷ್ಟೇ. ಇಂಥ ಕಡೆ ಬೆಳವಣಿಗೆ ಇಷ್ಟು ಸಣ್ಣದಾದರೆ ಅದರ ಅರ್ಥ ಹುಟ್ಟಿದವರು ಇಲ್ಲಿ ಉಳಿಯಲಿಲ್ಲ ಎಂದು. ನನ್ನ ಜೊತೆ ಓದಿದವರಲ್ಲಿ ಹಬ್ಬಕ್ಕೆ ಸಿಗುವವರೇ ಹೆಚ್ಚು.

ದೊಡ್ಡ ಕಾಮಗಾರಿ ಬಂದಾಗಲೆಲ್ಲ ಊರಿಗೆ ಮುಖದಲ್ಲಿ ಕಳೆ ಬರುತ್ತದೆ. ನನಗೆ ನೆನಪಿರುವ ಮೊದಲ ಆಸೆ ರೈಲಿನದು. ಹಾಸನ–ಮಂಗಳೂರು ರೈಲು ಮಾರ್ಗ 1979ರಲ್ಲಿ ಪೂರ್ತಿಯಾಗಿತ್ತು. 1996ರಲ್ಲಿ ಮೀಟರ್ ಗೇಜನ್ನು ಬ್ರಾಡ್‌ಗೇಜ್ ಮಾಡಲು ಅದನ್ನು ನಿಲ್ಲಿಸಿದರು. ಪ್ರಯಾಣಿಕರ ರೈಲು ಮತ್ತೆ ಘಾಟಿ ಇಳಿದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ! ಐವತ್ತೈದು ಕಿಲೋಮೀಟರ್ ಘಟ್ಟದಲ್ಲಿ ಐವತ್ತೇಳು ಸುರಂಗ ಇರುವ ದಾರಿ, ಕಷ್ಟ ಒಪ್ಪುತ್ತೇನೆ. ಆ ಹನ್ನೊಂದು ವರ್ಷ ನಿಲ್ದಾಣದ ಸುತ್ತಲಿನವರು ರೈಲು ಬಂದರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡೇ ದಿನ ದೂಡಿದರು. ರೈಲು ಬಂತು. 2017ರಲ್ಲಿ ಹಾಸನದಿಂದ ಶ್ರವಣಬೆಳಗೊಳ, ಕುಣಿಗಲ್ ಮೇಲೆ ಬೆಂಗಳೂರಿಗೆ ನೇರ ಹಳಿಯೂ ಆಯಿತು. ಅರಸೀಕೆರೆ ಸುತ್ತುವುದು ತಪ್ಪಿತು. ಬೆಂಗಳೂರಿಗೆ ಹೋಗುವುದು ಸುಲಭವಾಯಿತು, ಹಾಗಾಗಿ ಹೋಗುವವರೂ ಹೆಚ್ಚಾದರು.

ಘಟ್ಟದ ಹೊಳೆಗಳ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಕಾಲದಲ್ಲಿ ಇನ್ನೊಂದು ಬಗೆಯ ಸುಗ್ಗಿ. ಎಂಜಿನಿಯರುಗಳು, ಗುತ್ತಿಗೆದಾರರು, ಯಂತ್ರ ನಡೆಸುವವರು ಬಾಡಿಗೆ ಮನೆ ಹಿಡಿದರು. ಊಟದ ಮೆಸ್ಸುಗಳು ನಡೆದವು. 2024ರ ಸೆಪ್ಟೆಂಬರ್ 6ರಂದು ದೊಡ್ಡನಗರದ ಬಳಿ ಮೊದಲ ಹಂತದ ಉದ್ಘಾಟನೆಯಾಯಿತು. ಇಲ್ಲಿನ ಕೆಲಸ ಕಡಿಮೆಯಾಗುತ್ತಿದ್ದಂತೆ ಆ ಮನೆಗಳ ಬಾಗಿಲಿಗೆ ‘ಬಾಡಿಗೆಗೆ ಇದೆ’ ಬೋರ್ಡು ಮರಳಿತು.

ಲಾರಿಗಳ ವಿಷಯದಲ್ಲಿಯೂ ಬಂದದ್ದು ಹೋಗುತ್ತದೆ. ಬಳ್ಳಾರಿಯ ಅದಿರು ನಮ್ಮ ಊರಿನ ಮೇಲೆ ಮಂಗಳೂರು ಬಂದರಿಗೆ ಇಳಿಯುತ್ತಿದ್ದ ವರ್ಷಗಳಲ್ಲಿ ರಸ್ತೆ ಚಿಂದಿಯಾಗಿತ್ತು, ಟೈರ್ ಅಂಗಡಿಗಳಿಗೆ ಪುರುಸೊತ್ತಿರಲಿಲ್ಲ. 2010ರಲ್ಲಿ ರಾಜ್ಯ ಸರ್ಕಾರ ಅದಿರು ರಫ್ತನ್ನು ತಡೆದ ಮೇಲೆ ಆ ಸಾಲು ನಿಂತಿತು. ಅದು ನಿಂತದ್ದು ನಾಡಿಗೆ ಒಳ್ಳೆಯದೇ ಆಯಿತೆಂದು ನಾನು ನಂಬುತ್ತೇನೆ. ಪೆಟ್ರೋಲು, ಡೀಸೆಲು 2003ರಿಂದ ಮಂಗಳೂರು–ಹಾಸನ–ಬೆಂಗಳೂರು ಕೊಳವೆಯಲ್ಲಿ ಹರಿಯುತ್ತಿದೆ. ಆಮೇಲೆ ಅಡುಗೆ ಅನಿಲಕ್ಕೂ ಹಾಸನ, ಮೈಸೂರು, ಸೋಲೂರಿನತ್ತ ಕೊಳವೆ ಬಂತು. ಅನಿಲ ಸಾಗಿಸುವ ಬುಲೆಟ್ ಟ್ಯಾಂಕರುಗಳು ಇಂದಿಗೂ ಓಡುತ್ತವೆ. ಆದರೆ ಹಿಂದೆ ಚಾಲಕ, ಕ್ಲೀನರ್ ಇಬ್ಬರೂ ಇಳಿದು ಉಣ್ಣುತ್ತಿದ್ದ ಎಷ್ಟೋ ಲೋಡುಗಳು ಈಗ ನೆಲದಡಿಯಲ್ಲಿ ಹೋಗುತ್ತವೆ. ಕೊಳವೆಗೆ ಹಸಿವಿಲ್ಲ.

ಈಗಿನ ಆಸೆ ನಾಲ್ಕು ಪಥದ ಹೆದ್ದಾರಿ. ಬೆಂಗಳೂರಿನಿಂದ ಹಾಸನದವರೆಗೆ ಅದು ಬಂದು ವರ್ಷಗಳಾದವು. ಹಾಸನದಿಂದ ಮಾರನಹಳ್ಳಿವರೆಗಿನ 45 ಕಿಲೋಮೀಟರ್ ಏಳುತ್ತಾ ಬೀಳುತ್ತಾ ನಡೆದಿದೆ. ಘಾಟಿಗೆ ಸುರಂಗ ಮಾರ್ಗ, ಬೆಂಗಳೂರು–ಮಂಗಳೂರಿಗೆ ಹೊಸ ಎಕ್ಸ್‌ಪ್ರೆಸ್ ದಾರಿ ಎಂಬ ಮಾತುಗಳು ಚುನಾವಣೆ ಬಂದಾಗಲೆಲ್ಲ ಕೇಳುತ್ತವೆ. ಈ ರಸ್ತೆ ಮುಗಿಯಬೇಕು ಎಂಬುದರಲ್ಲಿ ನನಗೆ ಎರಡು ಮಾತಿಲ್ಲ. ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಹೆರಿಗೆಗೆ ಕರೆದೊಯ್ಯುವ ಗರ್ಭಿಣಿಗೆ, ಅಲ್ಲಿನ ಎಂಜಿನಿಯರಿಂಗ್ ಕಾಲೇಜಿಗೆ ಹಾಸ್ಟೆಲ್ ಖರ್ಚಿಲ್ಲದೆ ದಿನವೂ ಹೋಗಿಬರಬಯಸುವ ಹುಡುಗಿಗೆ, ಮಣ್ಣು ಮೆತ್ತಿದ ಶುಂಠಿಯನ್ನು ದರ ಇಳಿಯುವ ಮುನ್ನ ಸಾಗಿಸಬೇಕಾದ ಆಲೂರಿನ ರೈತನಿಗೆ ಒಂದೊಂದು ಅರ್ಧ ಗಂಟೆಯೂ ಬೆಲೆಯುಳ್ಳದ್ದು.

ಆದರೆ ಈ ಹೆದ್ದಾರಿ ಊರಿನೊಳಗೆ ಬರುವುದಿಲ್ಲ. ಬೈಪಾಸ್‌ನಲ್ಲಿ ವಾಹನಗಳು ಓಡಲು ಶುರುವಾದ ಮೇಲೆ ಹೇಮಾವತಿ ಸೇತುವೆಯ ಮೇಲೆ ಮೊದಲಿನ ಸಾಲು ಇಲ್ಲ. ಶಾಲೆಯ ಮಕ್ಕಳು ನಿರ್ಭಯವಾಗಿ ರಸ್ತೆ ದಾಟುತ್ತಾರೆ. ಮನೆಗಳ ಕಿಟಕಿ ತೆರೆದಿಡಬಹುದು. ಬಿ.ಎಂ. ರಸ್ತೆಯಲ್ಲಿ ಅಪಘಾತದಲ್ಲಿ ಮಕ್ಕಳನ್ನು ಕಳೆದುಕೊಂಡ ಮನೆಗಳಿವೆ. ಅವರ ಎದುರು ನಿಂತು ಬೈಪಾಸ್ ಬೇಡವಾಗಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ, ಹೇಳಬೇಕೆಂಬ ಮನಸ್ಸೂ ಇಲ್ಲ.

ಕುಂದಾಪುರದ ಕಡೆಯಿಂದ ಬಂದು ಇಲ್ಲಿಯೇ ನೆಲೆ ನಿಂತ ಹೋಟೆಲ್ ಯಜಮಾನರೊಬ್ಬರು ನಮ್ಮ ಅಪ್ಪನ ಕಾಲದಿಂದ ನಮ್ಮ ಬಳಿ ಲೆಕ್ಕ ಬರೆಸುತ್ತಾರೆ. ಕಳೆದ ತ್ರೈಮಾಸಿಕದ ಕಾಗದ ತಂದಾಗ ಚೀಲದಿಂದ ಒಂದು ಹಳೆಯ ಉದ್ದ ಪುಸ್ತಕವನ್ನೂ ತೆಗೆದು ಮೇಜಿನ ಮೇಲಿಟ್ಟರು. ಚಾಲಕರ ಕಡದ ಪುಸ್ತಕ. ಹೆಸರುಗಳಿಲ್ಲ, ಲಾರಿಯ ಸಂಖ್ಯೆಗಳಿವೆ. ಕೆಎ 19, ಕೆಎ 13, ಟಿಎನ್, ಎಂಎಚ್. ಪ್ರತಿ ಸಂಖ್ಯೆಯ ಮುಂದೆ ಊಟ, ಬೀಡಿ, ಕೆಲವು ಕಡೆ ‘ನಗದು 200’, ‘ಡೀಸೆಲಿಗೆ ನಗದು 500’. ಬಹುತೇಕ ಎಲ್ಲದರ ಮೇಲೂ ಅಡ್ಡಗೆರೆ ಎಳೆದಿತ್ತು, ಅಂದರೆ ತೀರಿದೆ. ಪುಟದ ಅಂಚುಗಳು ಎಣ್ಣೆ ಹೀರಿ ಕಂದಾಗಿದ್ದವು.

“ನೋಡಮ್ಮಾ, ಯಾರೂ ಮೋಸ ಮಾಡಲಿಲ್ಲ” ಎಂದರು. “ಮುಂದಿನ ಟ್ರಿಪ್ಪಿನಲ್ಲಿ ಕೊಟ್ಟೇ ಹೋಗುತ್ತಿದ್ದರು. ಈಗ ಅವರಿಗೆ ಕೊಡಬೇಕೆಂದರೂ ಊರೊಳಗೆ ಬರಲು ದಾರಿ ಸುತ್ತು. ಲಾರಿ ನಿಲ್ಲಿಸಲು ಜಾಗವಿಲ್ಲ.”

“ಬೈಪಾಸ್ ಬದಿಯಲ್ಲಿ ಒಂದು ಜಾಗ ಮಾಡಿಕೊಳ್ಳಬಹುದಲ್ಲ, ಅಣ್ಣ?” ಎಂದೆ.

ಅವರು ಅಲ್ಲಿನ ಜಮೀನಿನ ದರ ಹೇಳಿದರು. ನಾನು ಮತ್ತೆ ಮಾತೆತ್ತಲಿಲ್ಲ.

ಹೆದ್ದಾರಿಯ ಬಗ್ಗೆ ಮಾತಾಡುವಾಗ ನಮ್ಮ ನಾಯಕರು ಬಿಟ್ಟುಬಿಡುವ ವಿಷಯ ಇದು. ಹೆದ್ದಾರಿ ಬಂದರೆ ವ್ಯಾಪಾರ ಬೆಳೆಯುತ್ತದೆ, ನಿಜ. ಯಾರ ವ್ಯಾಪಾರ ಎಂದು ಮಾತ್ರ ಹೇಳುವುದಿಲ್ಲ. ಬೆಂಗಳೂರಿನಿಂದ ಹೊರಟು ಕುಣಿಗಲ್ ದಾಟಿ, ಯಡಿಯೂರು, ಬೆಳ್ಳೂರು ಕ್ರಾಸ್, ಚನ್ನರಾಯಪಟ್ಟಣದ ಹೊರವಲಯ ನೋಡಿಕೊಂಡು ಬನ್ನಿ. ಹೆದ್ದಾರಿಯ ಬದಿಯಲ್ಲಿ ವಿಶಾಲವಾದ ಹೋಟೆಲುಗಳಿವೆ, ಕಾರು ನಿಲ್ಲಿಸಲು ಜಾಗವಿದೆ, ಶುಚಿಯಾದ ಶೌಚಾಲಯವಿದೆ, ಮಕ್ಕಳಿಗೆ ಆಡಲು ಉಯ್ಯಾಲೆಯೂ ಇದೆ. ಪ್ರಯಾಣಿಕರಿಗೆ ಇದಕ್ಕಿಂತ ಬೇಕಾದದ್ದೇನಿಲ್ಲ, ನಾನೂ ಅಲ್ಲಿ ನಿಲ್ಲಿಸಿ ತಿಂಡಿ ತಿಂದವಳೇ. ಅವುಗಳನ್ನು ಕಟ್ಟಲು ಬೇಕಾದದ್ದು ರಸ್ತೆಗೆ ತಾಗಿದ ಎಕರೆಗಟ್ಟಲೆ ಜಮೀನು ಮತ್ತು ಕೋಟಿಗಟ್ಟಲೆ ಬಂಡವಾಳ. ಹಳೆಯ ರಸ್ತೆಯ ವ್ಯಾಪಾರಕ್ಕೆ ಬೇಕಾದದ್ದು ಹತ್ತು ಅಡಿ ಅಗಲದ ಬಾಡಿಗೆ ಮಳಿಗೆ ಮತ್ತು ನಿದ್ದೆಗೆಡುವ ಶಕ್ತಿ. ಊರಿನ ಒಳಗಿನ ನೂರಾರು ಕೈಗಳಲ್ಲಿ ಚಿಲ್ಲರೆಯಾಗಿ ಹಂಚಿಹೋಗುತ್ತಿದ್ದ ದುಡ್ಡು ಬೈಪಾಸಿನಲ್ಲಿ ಕೆಲವೇ ಗಲ್ಲಾಪೆಟ್ಟಿಗೆಗಳಿಗೆ ಬೀಳುತ್ತದೆ. ಹೆದ್ದಾರಿ ದುಡ್ಡನ್ನು ತರುತ್ತದೆ, ಜೊತೆಗೆ ದುಡ್ಡಿನ ವಿಳಾಸವನ್ನೂ ಬದಲಾಯಿಸುತ್ತದೆ.

ಟೈರ್ ಅಂಗಡಿಯ ಯುವಕನೊಬ್ಬ ಆಗಲೇ ಬೈಪಾಸ್ ಕೂಡುವ ಆನೆಮಹಲ್ ಕಡೆ ತಗಡಿನ ಶೆಡ್ಡು ಹಾಕಿದ. ಕಂಪ್ರೆಸರ್ ಸಾಗಿಸಿದ, ದೊಡ್ಡದೊಂದು ಟೈರಿಗೆ ಬಿಳಿ ಬಣ್ಣ ಬಳಿದು ರಸ್ತೆಗೆ ಕಾಣುವಂತೆ ನಿಲ್ಲಿಸಿದ. ಹೆದ್ದಾರಿಯ ಗಡಿಯೊಳಗೆ ಬಂದಿದೆ ಎಂದು ತೆರವು ಮಾಡಿಸಿದರು. ನಿಯಮ ನಿಯಮವೇ, ವೇಗದ ರಸ್ತೆಯ ಅಂಚಿನಲ್ಲಿ ಶೆಡ್ಡು ಇದ್ದರೆ ಸಾಯುವುದು ಅವನೇ. ಹಾಗಾದರೆ ಅವನು ಎಲ್ಲಿ ಕೂರಬೇಕು ಎಂಬ ಪ್ರಶ್ನೆಯನ್ನು ರಸ್ತೆಯ ನಕ್ಷೆ ಬರೆಯುವಾಗಲೇ ಯಾರಾದರೂ ಕೇಳಬೇಕಿತ್ತು. ಭೂಮಿ ಕಳೆದುಕೊಂಡವರಿಗೆ ಪರಿಹಾರವಿದೆ. ಗ್ರಾಹಕರನ್ನು ಕಳೆದುಕೊಂಡವರಿಗೆ ಕಾನೂನಿನಲ್ಲಿ ಒಂದು ಸಾಲೂ ಇಲ್ಲ.

ಪ್ರವಾಸೋದ್ಯಮ ಇದೆಯಲ್ಲ ಎನ್ನುತ್ತಾರೆ. ಇದೆ. ಶನಿವಾರ ಬೆಳಗ್ಗೆ ಬೆಂಗಳೂರಿನ ಕಾರುಗಳು ಸಾಲಾಗಿ ಬರುತ್ತವೆ. ಹೋಂಸ್ಟೇಯವರು ದುಡಿಯುತ್ತಿದ್ದಾರೆ, ಹಳ್ಳಿಯ ಎಷ್ಟೋ ಮನೆಗಳ ಹೆಂಗಸರಿಗೆ ಅಕ್ಕಿ ರೊಟ್ಟಿ, ಕಡುಬು ಮಾಡಿ ಬಡಿಸುವ ಕೆಲಸ ಅದರಿಂದಲೇ ಸಿಕ್ಕಿದೆ. ಆದರೆ ಆ ಕಾರುಗಳು ಮೊಬೈಲ್ ತೋರಿಸಿದ ದಾರಿ ಹಿಡಿದು ನೇರ ತೋಟಕ್ಕೆ ಹೋಗಿ, ಭಾನುವಾರ ಮಧ್ಯಾಹ್ನ ಹಾಗೆಯೇ ಹಿಂದಿರುಗುತ್ತವೆ. ಊರಿನೊಳಗೆ ಅವರನ್ನು ನಿಲ್ಲಿಸುವಂಥದ್ದನ್ನು ನಾವೂ ಮಾಡಿಲ್ಲ. ಇದನ್ನು ಸರ್ಕಾರದ ತಲೆಗೆ ಕಟ್ಟುವಂತಿಲ್ಲ. ಹೇಮಾವತಿಯಂಥ ನದಿ ಊರ ನಡುವೆ ಹರಿಯುತ್ತದೆ, ಅದರ ದಂಡೆಯಲ್ಲಿ ಕುಟುಂಬ ಸಮೇತ ಹತ್ತು ನಿಮಿಷ ಕೂರಲು ಒಂದು ಒಳ್ಳೆಯ ತಾಣವಿಲ್ಲ, ಕಸ ಮಾತ್ರ ಇದೆ. ಕಾಫಿಯ ನಾಡಿನಲ್ಲಿ ಪೊಟ್ಟಣ ಕಟ್ಟಿದ ಕಾಫಿಪುಡಿ ಸಿಗುತ್ತದೆ. ಹಣ್ಣು ಕೊಯ್ದು, ಪಲ್ಪರಿಗೆ ಹಾಕಿ, ಕಣದಲ್ಲಿ ಒಣಗಿಸಿ, ಹುರಿದು ಪುಡಿ ಮಾಡುವುದನ್ನು ಮಕ್ಕಳಿಗೆ ತೋರಿಸಿ, ಅಲ್ಲಿಯೇ ಒಂದು ಲೋಟ ಕಾಫಿ ಕೊಡುವ ಜಾಗ ಬಸ್ ನಿಲ್ದಾಣದ ಹತ್ತಿರ ಏಕಿರಬಾರದು? ಏಲಕ್ಕಿ, ಮೆಣಸು, ಜೇನು ಮಾರುವ ಅಂಗಡಿಗಳಿವೆ, ಗಾಡಿ ನಿಲ್ಲಿಸಲು ಜಾಗವಿಲ್ಲ. ಊರಿಗೆ ಬಂದ ಅತಿಥಿ ಹೆಂಗಸರು ಶೌಚಾಲಯ ಎಲ್ಲಿ ಎಂದು ಕೇಳಿದಾಗ ನಾನು ತಲೆ ತಗ್ಗಿಸಿದ್ದೇನೆ.

ಇದನ್ನೆಲ್ಲ ಬರೆಯುತ್ತಿರುವುದು ಹಳಹಳಿಕೆಗಾಗಿ ಅಲ್ಲ. ಬಿ.ಎಂ. ರಸ್ತೆಯ ಕೆಲವು ವ್ಯಾಪಾರಿಗಳು ಸೇರಿ ಒಂದು ಅರ್ಜಿ ಸಿದ್ಧ ಮಾಡುತ್ತಿದ್ದಾರೆ, ಅದರ ಬರವಣಿಗೆ ನನ್ನ ಪಾಲಿಗೆ ಬಂದಿದೆ. ಅದರಲ್ಲಿ ಕೇಳುತ್ತಿರುವುದು ದೊಡ್ಡದೇನೂ ಅಲ್ಲ. ಬೈಪಾಸ್ ಊರಿನ ರಸ್ತೆಯನ್ನು ಕೂಡುವ ಎರಡೂ ಕಡೆ, ಹೆದ್ದಾರಿಯ ಗಡಿಯಿಂದ ಹೊರಗೆ, ಸರ್ವಿಸ್ ರಸ್ತೆಗೆ ಹೊಂದಿಕೊಂಡಂತೆ ಸರ್ಕಾರಿ ಜಾಗ ಗುರುತಿಸಿ ಲಾರಿ ನಿಲ್ದಾಣ ಮಾಡಬೇಕು. ಘಾಟಿ ಇಳಿಯುವ ಮುನ್ನ ಬ್ರೇಕು ನೋಡಿಸಿ, ಎರಡು ಗಂಟೆ ಮಲಗಿ ಎದ್ದು ಹೋಗಲು ಚಾಲಕರಿಗೆ ಜಾಗ ಬೇಕು. ಮಳೆಗಾಲದಲ್ಲಿ ಘಾಟಿಯಲ್ಲಿ ರಾತ್ರಿ ಸಂಚಾರ ತಡೆದಾಗ ಲಾರಿಗಳು ರಸ್ತೆಯಂಚಿನಲ್ಲಿ ಕಿಲೋಮೀಟರುಗಟ್ಟಲೆ ನಿಲ್ಲುವುದನ್ನು ನೋಡಿದವರಿಗೆ ಇದರ ಅಗತ್ಯವನ್ನು ಬಿಡಿಸಿ ಹೇಳಬೇಕಾಗಿಲ್ಲ. ಆ ನಿಲ್ದಾಣದಲ್ಲಿ ಕಟ್ಟುವ ಮಳಿಗೆಗಳು ಸಣ್ಣವಿರಬೇಕು. ಹರಾಜಿನಲ್ಲಿ ಹೆಚ್ಚು ಕೂಗಿದವರಿಗೆ ಕೊಡುವ ಬದಲು, ಬಿ.ಎಂ. ರಸ್ತೆಯಲ್ಲಿ ಲೈಸೆನ್ಸ್ ಪಡೆದು ವ್ಯಾಪಾರ ಮಾಡಿ ಬೈಪಾಸಿನಿಂದ ಪೆಟ್ಟು ತಿಂದವರಿಗೆ ಮೊದಲ ಅವಕಾಶ ಕೊಡಬೇಕು. ಮೀನಿನ ಕಟ್ಟೆಯ ಹೆಂಗಸರ ಬಳಿ ಲೈಸೆನ್ಸ್ ಇಲ್ಲ. ಅವರಿಗೂ ಒಂದು ನೆರಳಿನ ಸಾಲು ಇರಲಿ ಎಂದು ಸೇರಿಸಿದ್ದೇವೆ. ಕಡಿದ ಗುಡ್ಡಗಳನ್ನು ಮೆಟ್ಟಿಲಾಗಿಸಿ, ನೀರಿಗೆ ದಾರಿ ಮಾಡಿ, ತಡೆಗೋಡೆ ಮುಗಿಸಿದ ಮೇಲೆಯೇ ಕಾಮಗಾರಿ ಮುಗಿದಿದೆ ಎಂದು ಒಪ್ಪಬೇಕು ಎಂಬುದೂ ಅದರಲ್ಲಿದೆ. ಮಳಿಗೆಯ ವಿಷಯಕ್ಕೂ ಗುಡ್ಡದ ವಿಷಯಕ್ಕೂ ಏನು ಸಂಬಂಧ ಎಂದು ಒಬ್ಬರು ಕೇಳಿದರು. ಘಾಟಿಯೇ ಕುಸಿದು ಮುಚ್ಚಿದರೆ ಮಳಿಗೆ ತೆಗೆದುಕೊಂಡು ಮಾಡುವುದೇನು ಎಂದು ಆ ಹೋಟೆಲ್ ಯಜಮಾನರೇ ಉತ್ತರ ಕೊಟ್ಟರು.

ಅರ್ಜಿಯ ಜೊತೆ ಲಗತ್ತಿಸಲು ಅಂಕಿ ಬೇಕು. ಕಷ್ಟವಾಗಿದೆ ಎಂಬ ಮಾತಿಗಿಂತ ಮೂರು ವರ್ಷದ ರಿಟರ್ನ್ ಪ್ರತಿಗೆ ಕಚೇರಿಯಲ್ಲಿ ಹೆಚ್ಚು ತೂಕ. ಆದ್ದರಿಂದ ಊರಿನವರಲ್ಲಿ ಕೇಳಿಕೊಳ್ಳುತ್ತೇನೆ: ಬಿ.ಎಂ. ರಸ್ತೆಯಲ್ಲಿ ಮಳಿಗೆ ಇದ್ದವರು, ಈಗ ಮುಚ್ಚಿದ್ದರೂ ಸರಿ, ನಿಮ್ಮ ಟ್ರೇಡ್ ಲೈಸೆನ್ಸ್, ಬಾಡಿಗೆ ಕರಾರು ಪತ್ರ, ಬೈಪಾಸ್ ತೆರೆಯುವ ಮೊದಲಿನ ಮತ್ತು ನಂತರದ ಲೆಕ್ಕದ ಪ್ರತಿಗಳನ್ನು ತಲುಪಿಸಿ. ಲೆಕ್ಕ ಬರೆದಿಡದವರು ವಿದ್ಯುತ್ ಬಿಲ್ಲು ತಂದರೂ ಆದೀತು, ಯೂನಿಟ್ ಇಳಿದದ್ದು ಅದರಲ್ಲಿ ಕಾಣುತ್ತದೆ. ಬೆಂಗಳೂರಿನಲ್ಲಿರುವ ನಮ್ಮ ಊರಿನ ಮಕ್ಕಳು ಈ ಸಲ ಹಬ್ಬಕ್ಕೆ ಬಂದಾಗ ಅಪ್ಪನ ಹಳೆಯ ಪೆಟ್ಟಿಗೆ ತೆರೆದು ಆ ಕಾಗದಗಳನ್ನು ಹುಡುಕಿಕೊಡಿ. ಚಾಲಕರ ಕಡದ ಪುಸ್ತಕ ಇನ್ನಾರ ಬಳಿಯಾದರೂ ಇದ್ದರೆ ಅದನ್ನೂ ತನ್ನಿ, ಪುಟಗಳ ಜೆರಾಕ್ಸ್ ಮಾಡಿಸಿಕೊಂಡು ಮೂಲ ಪುಸ್ತಕವನ್ನು ಅಂದೇ ವಾಪಸ್ ಕೊಡುತ್ತೇನೆ.